ಕುಡಿತ ಬಿಟ್ಟವರ ಸಭೆ: ಬಾಲ್ಟಿಮೋರಿನ ಎರಡು ಆರಂಭಗಳು

ಮದ್ಯಪಾನ ಹರಾಮ್ ಎಂಬುದನ್ನು ನಮ್ಮ ಮದ್ರಸಾದ ಎರಡನೆಯ ತರಗತಿಯ ಮಗುವೂ ಹೇಳುತ್ತದೆ. ಈ ಕುರಿತು ಪ್ರವಚನಗಳಿಗೆ ಕೊರತೆಯಿಲ್ಲ. ಆದರೆ ಅವುಗಳಲ್ಲಿ ಹೆಚ್ಚಿನವು ಇನ್ನೂ ಕುಡಿಯದವನನ್ನು ಉದ್ದೇಶಿಸಿದವು. ಈಗಾಗಲೇ ಕುಡಿತದ ಹಿಡಿತಕ್ಕೆ ಸಿಕ್ಕಿ, ಬೆಳಗ್ಗೆ ತೌಬಾ ಮಾಡಿ ಸಂಜೆ ಅದನ್ನು ಮುರಿಯುವ ಮನುಷ್ಯ ಎಲ್ಲಿಗೆ ಹೋಗಬೇಕು ಎಂಬುದನ್ನು ನಾವು ಅಪರೂಪಕ್ಕೆ ಮಾತನಾಡುತ್ತೇವೆ. ಅಂಥವರು ನಮ್ಮಲ್ಲಿ ಇಲ್ಲವೆಂದೇನೂ ಅಲ್ಲ. ಇತರರ ಮನೆಯಲ್ಲಿ ಕುಡಿತ ಒಂದು ದುಶ್ಚಟ. ನಮ್ಮ ಮನೆಯಲ್ಲಿ ಅದು ದುಶ್ಚಟವೂ ಹೌದು, ಪಾಪವೂ ಹೌದು, ಮನೆತನದ ಮಾನದ ಪ್ರಶ್ನೆಯೂ ಹೌದು. ಆದ್ದರಿಂದ ಹೆಂಡತಿ ತವರಿನವರಿಗೂ ಹೇಳುವುದಿಲ್ಲ. ಮಗಳ ಸಂಬಂಧ ತಪ್ಪೀತೆಂದು ತಾಯಿ ಬಾಯಿ ಬಿಡುವುದಿಲ್ಲ. ಎಷ್ಟೋ ಮನೆಗಳಲ್ಲಿ ಈ ಗುಟ್ಟು ಹೊರಬೀಳುವುದು ಯಕೃತ್ತು ಕೆಟ್ಟು ವೈದ್ಯರ ಮುಂದೆ ಕುಳಿತಾಗ.

ಇಂತಹ ಮನುಷ್ಯನಿಗೆ ಜಗತ್ತಿನ ಬೇರೆ ಬೇರೆ ಕಡೆ ನೆರವಾದ ಒಂದು ಸರಳ ಏರ್ಪಾಡಿದೆ: ಕುಡಿತ ಬಿಟ್ಟವರೂ ಬಿಡಬಯಸುವವರೂ ವಾರಕ್ಕೊಮ್ಮೆಯೋ ಹೆಚ್ಚೋ ಒಂದು ಕೋಣೆಯಲ್ಲಿ ಸೇರಿ ತಮ್ಮ ತಮ್ಮ ಕಥೆಯನ್ನು ಹೇಳಿಕೊಳ್ಳುವ ಸಭೆ. ಅದರ ಚರಿತ್ರೆ ಅಮೆರಿಕದ ಬಾಲ್ಟಿಮೋರ್ ಎಂಬ ಬಂದರು ನಗರದಲ್ಲಿ ಆರಂಭವಾಗಿ, ನೂರೈವತ್ತು ವರ್ಷಗಳ ಬಳಿಕ ಅದೇ ನಗರದ ಮುಸ್ಲಿಮರ ಕೈಗೆ ಬಂತು. ನಮಗೆ ಆಸಕ್ತಿಯಿರುವುದು ಈ ಹಾದಿಯಲ್ಲಿ.

1840ರ ಏಪ್ರಿಲ್ ತಿಂಗಳ ಆರಂಭ. ಬಾಲ್ಟಿಮೋರಿನ ಚೇಸ್ ಎಂಬವನ ಹೆಂಡದಂಗಡಿಯಲ್ಲಿ ಆರು ಮಂದಿ ಗೆಳೆಯರು ಕುಡಿಯುತ್ತ ಕುಳಿತಿದ್ದರು. ಒಬ್ಬ ದರ್ಜಿ, ಒಬ್ಬ ಬಡಗಿ, ಒಬ್ಬ ಕಮ್ಮಾರ, ಚಕ್ರ ಮಾಡುವವನೊಬ್ಬ, ಸಾರೋಟು ಕಟ್ಟುವವನೊಬ್ಬ, ಬೆಳ್ಳಿ ಕೆಲಸದವನೊಬ್ಬ, ಎಲ್ಲರೂ ಕೈಕಸುಬಿನವರು. ಊರಿನಲ್ಲಿ ಅಂದು ಮದ್ಯವಿರೋಧಿ ಭಾಷಣವೊಂದಿತ್ತು. ಕೇಳಿ ನಗೋಣವೆಂದು ಅವರಲ್ಲಿ ಕೆಲವರು ಹೋಗಿ ಬಂದರು. ಬಂದಮೇಲೆ ವಾದ ಹತ್ತಿತು. ಇಂತಹ ಭಾಷಣಕಾರರೆಲ್ಲ ಕಪಟಿಗಳೆಂದು ಅಂಗಡಿಯವನು ಮೂದಲಿಸಿದ. ಹಾಗೆ ಹೇಳುವುದರಲ್ಲಿ ನಿನಗೆ ಲಾಭವಿದೆಯಲ್ಲ ಎಂದು ಗೆಳೆಯರಲ್ಲೊಬ್ಬ ತಿರುಗಿ ಹೇಳಿದ. ಆ ಮಾತು ಎಲ್ಲರಿಗೂ ನಾಟಿತು. ಹೆಂಡದಂಗಡಿಯಲ್ಲೇ ಅವರೊಂದು ಸಂಘ ಕಟ್ಟಿದರು. ದರ್ಜಿ ವಿಲಿಯಂ ಮಿಚೆಲ್ ಅದರ ಅಧ್ಯಕ್ಷನಾದ. ಮದ್ಯವನ್ನು ಮುಟ್ಟುವುದಿಲ್ಲವೆಂದು ಬರೆದುಕೊಂಡು ಸಹಿ ಹಾಕಿದರು. ದೇಶದ ಮೊದಲ ಅಧ್ಯಕ್ಷನ ಹೆಸರನ್ನಿಟ್ಟುಕೊಂಡದ್ದರಿಂದ ಅವರು ವಾಷಿಂಗ್ಟೋನಿಯನ್ನರೆಂದು ಪ್ರಸಿದ್ಧರಾದರು.

ಆಗ ಅಮೆರಿಕದಲ್ಲಿ ಮದ್ಯವಿರೋಧಿ ಸಂಘಗಳು ಬೇಕಾದಷ್ಟಿದ್ದವು. ಅವುಗಳನ್ನು ನಡೆಸುತ್ತಿದ್ದವರು ಪಾದ್ರಿಗಳು ಮತ್ತು ಗಣ್ಯರು. ಅವರ ಗಮನವೆಲ್ಲ ಸಭ್ಯರು ಸಭ್ಯರಾಗಿಯೇ ಉಳಿಯಲಿ ಎಂಬುದರ ಮೇಲಿತ್ತು. ಕುಡುಕನನ್ನು ಅವರು ಕೈಬಿಟ್ಟಿದ್ದರು. ಈ ಆರು ಮಂದಿ ಮಾಡಿದ್ದು ಅದರ ವಿರುದ್ಧ. ಅವರ ಸಭೆಯಲ್ಲಿ ಪ್ರವಚನವಿರಲಿಲ್ಲ. ಪ್ರತಿಯೊಬ್ಬನೂ ಎದ್ದು ತಾನು ಹೇಗೆ ಬಿದ್ದೆ, ಹೇಗೆ ಎದ್ದೆ ಎಂಬುದನ್ನು ಹೇಳುತ್ತಿದ್ದ. ಮುಂದಿನ ಸಭೆಗೆ ಪ್ರತಿಯೊಬ್ಬನೂ ಇನ್ನೊಬ್ಬ ಕುಡುಕನನ್ನು ಕರೆತರಬೇಕೆಂಬುದೇ ಮುಖ್ಯ ನಿಯಮ. ಮೊದಲ ಕೆಲವು ಸಭೆಗಳು ಅದೇ ಹೆಂಡದಂಗಡಿಯಲ್ಲಿ ನಡೆದವು. ಗಿರಾಕಿಗಳು ಕರಗುತ್ತಿರುವುದನ್ನು ಕಂಡು ಅಂಗಡಿಯವನ ಹೆಂಡತಿ ಆಕ್ಷೇಪಿಸಿದ ಮೇಲೆ ಸಭೆ ಬೇರೆಡೆಗೆ ಹೋಯಿತು. (ಆ ಹೆಂಗಸಿನ ಲೆಕ್ಕಾಚಾರ ಸರಿಯಾಗಿಯೇ ಇತ್ತು!)

ಅದೇ ವರ್ಷ ಜೂನ್‌ನಲ್ಲಿ ಜಾನ್ ಹಾಕಿನ್ಸ್ ಎಂಬ ಟೋಪಿ ತಯಾರಕ ಬಂದು ಸೇರಿದ. ಕುಡಿತದಿಂದ ಬದುಕನ್ನು ಹಾಳುಮಾಡಿಕೊಂಡಿದ್ದ ಆತನ ಕಥೆಯಲ್ಲಿ ಹನ್ನಾ ಎಂಬ ಪುಟ್ಟ ಮಗಳಿದ್ದಾಳೆ. ಒಂದು ಬೆಳಗ್ಗೆ ಆಕೆ, ಇವತ್ತು ನನ್ನನ್ನು ವಿಸ್ಕಿ ತರಲು ಕಳುಹಿಸಬೇಡಿ ಎಂದು ತಂದೆಯನ್ನು ಬೇಡಿಕೊಂಡಳಂತೆ. ಹಾಕಿನ್ಸ್ ಮುಂದಿನ ವರ್ಷ ನ್ಯೂಯಾರ್ಕ್ ಮತ್ತು ಬಾಸ್ಟನ್ ನಗರಗಳಲ್ಲಿ ಈ ಕಥೆಯನ್ನು ಹೇಳಿದಾಗ ಜನರು ಸಾಲುಗಟ್ಟಿ ಬಂದು ಸಹಿ ಹಾಕಿದರು. ಕುಡುಕರ ಹೆಂಡತಿ ಮಕ್ಕಳಿಗೆ ಬಟ್ಟೆಬರೆ, ಅನ್ನ ಒದಗಿಸಲು ಮಾರ್ಥಾ ವಾಷಿಂಗ್ಟನ್ ಸಂಘಗಳೆಂಬ ಮಹಿಳಾ ಸಂಘಗಳೂ ಹುಟ್ಟಿಕೊಂಡವು. 1842ರ ಫೆಬ್ರುವರಿ 22ರಂದು ಸ್ಪ್ರಿಂಗ್‌ಫೀಲ್ಡ್‌ನಲ್ಲಿ ಇವರ ವೇದಿಕೆಯಿಂದ ಮಾತನಾಡಿದವರಲ್ಲಿ ಆಗಿನ್ನೂ ತರುಣ ವಕೀಲರಾಗಿದ್ದ ಅಬ್ರಹಾಂ ಲಿಂಕನ್ ಒಬ್ಬರು. ಕುಡುಕನನ್ನು ಜರೆಯುವುದರಿಂದ ಅವನು ಇನ್ನಷ್ಟು ಮುದುಡಿಕೊಳ್ಳುತ್ತಾನೆ, ಸ್ನೇಹದಿಂದ ಮಾತ್ರ ಅವನ ಹೃದಯದ ಬಾಗಿಲು ತೆರೆಯುತ್ತದೆ ಎಂಬುದು ಆ ಭಾಷಣದ ತಿರುಳು. ಎಂದೂ ಕುಡಿಯದವರು ಕುಡುಕರಿಗಿಂತ ಗುಣದಲ್ಲಿ ಮೇಲೆಂದು ಭಾವಿಸಬೇಕಿಲ್ಲ, ಅವರಿಗೆ ಆ ಹಸಿವು ಇಲ್ಲದಿರುವುದೇ ಬಹುಮಟ್ಟಿಗೆ ಕಾರಣ ಎಂದೂ ಅವರು ಹೇಳಿದ್ದರು. ಆ ಮಾತು ಅಲ್ಲಿನ ಕೆಲವು ಧರ್ಮನಿಷ್ಠರಿಗೆ ರುಚಿಸಲಿಲ್ಲ. ನಮ್ಮ ನಡುವೆ ಹೇಳಿದರೂ ರುಚಿಸುವುದು ಕಷ್ಟವೇ.

ಆದರೆ ಇಷ್ಟು ವೇಗವಾಗಿ ಹಬ್ಬಿದ ಈ ಚಳವಳಿ 1840ರ ದಶಕ ಮುಗಿಯುವುದರೊಳಗೆ ಬಹುತೇಕ ಅಳಿಸಿಹೋಯಿತು. ಕಥೆ ಹೇಳುವುದು ಕೆಲವರಿಗೆ ಸಂಬಳದ ವೃತ್ತಿಯಾಯಿತು. ಮದ್ಯವನ್ನು ಕಾನೂನಿನಿಂದ ನಿಷೇಧಿಸಬೇಕೇ ಬೇಡವೇ ಎಂಬ ರಾಜಕೀಯ ಜಗಳ ಒಳಗೆ ನುಗ್ಗಿತು. ಚರ್ಚುಗಳೊಡನೆ ಮನಸ್ತಾಪ ಬೆಳೆಯಿತು. ಒಬ್ಬ ಕುಡುಕ ಇನ್ನೊಬ್ಬ ಕುಡುಕನ ಪಕ್ಕದಲ್ಲಿ ಕುಳಿತುಕೊಳ್ಳುವ ಆ ಸಣ್ಣ ಕೆಲಸ ಗದ್ದಲದಲ್ಲಿ ಕಳೆದುಹೋಯಿತು.

ಅದು ಮತ್ತೆ ಸಿಕ್ಕಿದ್ದು ಸುಮಾರು ತೊಂಬತ್ತು ವರ್ಷಗಳ ಮೇಲೆ, ಓಹಿಯೋ ರಾಜ್ಯದ ಆಕ್ರನ್ ನಗರದಲ್ಲಿ. ನ್ಯೂಯಾರ್ಕಿನ ಷೇರು ವ್ಯವಹಾರದ ಬಿಲ್ ವಿಲ್ಸನ್ ಕುಡಿತ ಬಿಟ್ಟು ಆಗ ಐದು ತಿಂಗಳಾಗಿತ್ತು. ಆ ಅವಧಿಯಲ್ಲಿ ಆತ ಅನೇಕ ಕುಡುಕರಿಗೆ ಬುದ್ಧಿ ಹೇಳಿದ್ದ, ಒಬ್ಬನೂ ಬಿಟ್ಟಿರಲಿಲ್ಲ. 1935ರ ಮೇ ತಿಂಗಳಲ್ಲಿ ವ್ಯವಹಾರವೊಂದು ಕೈತಪ್ಪಿ, ಪರ ಊರಿನಲ್ಲಿ ಒಂಟಿಯಾಗಿ ಹೋಟೆಲೊಂದರ ಮೊಗಸಾಲೆಯಲ್ಲಿ ನಿಂತಿದ್ದ. ಒಂದು ಕಡೆ ಬಾರ್, ಇನ್ನೊಂದು ಕಡೆ ಊರಿನ ಚರ್ಚುಗಳ ಪಟ್ಟಿ ಮತ್ತು ಟೆಲಿಫೋನ್. ಆತನಿಗೆ ಹೊಳೆದದ್ದು ವಿಚಿತ್ರ ಸತ್ಯ: ತಾನು ಕುಡಿಯದೆ ಉಳಿಯಬೇಕಾದರೆ ಈಗಲೇ ಇನ್ನೊಬ್ಬ ಕುಡುಕನೊಡನೆ ಮಾತನಾಡಬೇಕು. ಪಟ್ಟಿಯಲ್ಲಿದ್ದ ಪಾದ್ರಿಯೊಬ್ಬರಿಗೆ ಕರೆ ಮಾಡಿದ. ಅವರಿಂದ ಒಂದಷ್ಟು ಹೆಸರು ಪಡೆದು ಮತ್ತೆ ಮತ್ತೆ ಕರೆ ಮಾಡಿದ. ಕೊನೆಗೆ ಹೆನ್ರಿಯೆಟಾ ಸೀಬರ್ಲಿಂಗ್ ಎಂಬ ಮಹಿಳೆ ಡಾಕ್ಟರ್ ಬಾಬ್ ಸ್ಮಿತ್ ಎಂಬ ಶಸ್ತ್ರಚಿಕಿತ್ಸಕನನ್ನು ಭೇಟಿ ಮಾಡಿಸಿದಳು. ಕುಡಿತದಿಂದ ಕೈ ನಡುಗುತ್ತಿದ್ದ ವೈದ್ಯ, ಕಾಲು ಗಂಟೆಗಿಂತ ಹೆಚ್ಚು ಕೂರಲಾರೆನೆಂದು ಮೊದಲೇ ಹೇಳಿ ಬಂದ. ಅವರಿಬ್ಬರ ಮಾತು ಮುಗಿದದ್ದು ಆರು ಗಂಟೆಗಳ ಬಳಿಕ. ಬಿಲ್ ಅಂದು ಬುದ್ಧಿ ಹೇಳಲಿಲ್ಲ. ತನ್ನ ಕಥೆ ಹೇಳಿದ. ನಿಮ್ಮಿಂದ ನನಗೆ ಸಹಾಯ ಬೇಕೆಂದ. ವೈದ್ಯನಿಗೆ ಉಪದೇಶಿಸಿದವರು ಬಹಳ ಮಂದಿಯಿದ್ದರು, ಸಹಾಯ ಕೇಳಿ ಬಂದ ಕುಡುಕ ಇವನೇ ಮೊದಲಿಗ. ಒಮ್ಮೆ ಮತ್ತೆ ಜಾರಿ, ಜೂನ್ 10ರಂದು ಡಾಕ್ಟರ್ ಬಾಬ್ ಕೊನೆಯ ಬಾರಿ ಕುಡಿದ. ಆ ದಿನವನ್ನೇ ಆಲ್ಕೋಹಾಲಿಕ್ಸ್ ಅನಾನಿಮಸ್, ಅಂದರೆ ಹೆಸರು ಹೇಳಿಕೊಳ್ಳದ ಮದ್ಯವ್ಯಸನಿಗಳ ಕೂಟದ ಹುಟ್ಟುದಿನವೆಂದು ಎಣಿಸುತ್ತಾರೆ. ಇಂದು ಎಲ್ಲರೂ ಎಎ ಎಂದಷ್ಟೇ ಕರೆಯುತ್ತಾರೆ.

ಆ ಕಾಲದಲ್ಲಿ ಸಭೆಯನ್ನು ಹುಡುಕುವುದೇ ಸಾಹಸವಾಗಿತ್ತು. 1939ರಲ್ಲಿ ಅವರು ತಮ್ಮ ಅನುಭವವನ್ನೂ ಹನ್ನೆರಡು ಹೆಜ್ಜೆಗಳನ್ನೂ ಪುಸ್ತಕವಾಗಿ ಅಚ್ಚು ಮಾಡಿಸಿದಾಗ ಸದಸ್ಯರು ನೂರರಷ್ಟು. ಪುಸ್ತಕದಲ್ಲಿ ನ್ಯೂಯಾರ್ಕಿನ ಅಂಚೆಪೆಟ್ಟಿಗೆಯೊಂದರ ವಿಳಾಸವಿತ್ತು. ದೂರದ ಊರಿನ ಕುಡುಕನೋ ಅವನ ಹೆಂಡತಿಯೋ ಕಾಗದ ಬರೆದರೆ ಉತ್ತರ ಬರುತ್ತಿತ್ತು. ಹತ್ತಿರದಲ್ಲಿ ಯಾರಾದರೂ ಇದ್ದರೆ ಮನೆಗೆ ಬರುತ್ತಿದ್ದರು. 1941ರ ಮಾರ್ಚ್‌ನಲ್ಲಿ ಪ್ರಸಿದ್ಧ ವಾರಪತ್ರಿಕೆಯೊಂದು ಇವರ ಕುರಿತು ಲೇಖನ ಪ್ರಕಟಿಸಿತು. ಎರಡು ಸಾವಿರದಷ್ಟಿದ್ದ ಸದಸ್ಯರು ಆ ವರ್ಷಾಂತ್ಯಕ್ಕೆ ಎಂಟು ಸಾವಿರವಾದರು. ವಾಷಿಂಗ್ಟೋನಿಯನ್ನರನ್ನು ಮುಳುಗಿಸಿದ ಕಾರಣಗಳನ್ನು ಇವರು ಬಾಗಿಲಲ್ಲೇ ತಡೆದರು. ಕೂಟಕ್ಕೆ ರಾಜಕೀಯ ಅಭಿಪ್ರಾಯವಿಲ್ಲ, ಹೊರಗಿನವರ ಹಣ ಬೇಡ, ಶುಲ್ಕವಿಲ್ಲ, ಮುಂದಾಳುಗಳಿಗೆ ಖ್ಯಾತಿಯಿಲ್ಲ. ಕುಡಿತ ಬಿಡಬೇಕೆಂಬ ಆಸೆಯೊಂದೇ ಪ್ರವೇಶದ ಅರ್ಹತೆ. ಕುಡುಕನೊಡನೆ ಬಾಳಿ ಬಳಲಿದ ಮನೆಯವರಿಗೂ ಒಂದು ಸಭೆ ಬೇಕೆಂದು ಬಿಲ್‌ನ ಹೆಂಡತಿ ಲೋಯಿಸ್ ಮತ್ತು ಗೆಳತಿಯರು 1951ರಲ್ಲಿ ಅಲ್-ಅನಾನ್ ಎಂಬ ಬೇರೆ ಕೂಟವನ್ನು ಆರಂಭಿಸಿದರು. ನಮ್ಮ ಓದುಗ ಸೋದರಿಯರು ಇದನ್ನು ವಿಶೇಷವಾಗಿ ಗಮನಿಸಬೇಕು: ಗಂಡ ಸಭೆಗೆ ಹೋಗಲು ಒಪ್ಪದಿದ್ದರೂ ಹೆಂಡತಿ ತನಗಾಗಿ ಹೋಗಬಹುದು.

ಇದರಿಂದ ಪ್ರಯೋಜನವುಂಟೇ? 2020ರಲ್ಲಿ ಕಾಕ್ರೇನ್ ಸಂಸ್ಥೆ ಇಪ್ಪತ್ತೇಳು ಅಧ್ಯಯನಗಳನ್ನು ಒಟ್ಟಿಗೆ ಪರಿಶೀಲಿಸಿ, ಪೂರ್ಣವಾಗಿ ಕುಡಿತ ಬಿಟ್ಟು ಉಳಿಯುವ ವಿಷಯದಲ್ಲಿ ಈ ಸಭೆಗಳಿಗೆ ಜೋಡಿಸುವ ಕ್ರಮಬದ್ಧ ಚಿಕಿತ್ಸೆ ಇತರ ಚಿಕಿತ್ಸೆಗಳಿಗೆ ಸಮ, ಕೆಲವೊಮ್ಮೆ ಮೇಲು ಎಂದು ಹೇಳಿತು. ಎಲ್ಲರಿಗೂ ಫಲಿಸುತ್ತದೆ ಎಂದು ಇದರ ಅರ್ಥವಲ್ಲ.

ಇಷ್ಟಾದರೂ ಮುಸ್ಲಿಮನೊಬ್ಬ ಆ ಕೋಣೆಯ ಹೊಸ್ತಿಲಲ್ಲಿ ತಡೆದು ನಿಲ್ಲುತ್ತಾನೆ. ಸಭೆ ಅನೇಕ ಕಡೆ ಚರ್ಚಿನ ಕಟ್ಟಡದಲ್ಲಿ ನಡೆಯುತ್ತದೆ. ಅಮೆರಿಕದ ಹಲವು ಸಭೆಗಳು ಕ್ರೈಸ್ತ ಪ್ರಾರ್ಥನೆಯೊಂದಿಗೆ ಮುಗಿಯುತ್ತಿದ್ದವು. ಹೆಜ್ಜೆಗಳಲ್ಲಿ ದೇವನ ಮಾತು ಬಂದಾಗ, ಅವರವರು ಅರಿತಂತೆ ಎಂಬ ಸಡಿಲಿಕೆಯಿದೆ. ತೌಹೀದಿನಲ್ಲಿ ಬೆಳೆದವನಿಗೆ ಅದು ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ. ಇವುಗಳಿಗಿಂತ ಆಳದ ಪ್ರಶ್ನೆ ಇನ್ನೊಂದಿದೆ. ಅಲ್ಲಾಹನು ಮುಚ್ಚಿಟ್ಟ ಪಾಪವನ್ನು ನಾವೇ ತೆರೆದು ತೋರಬಾರದೆಂದು ಪ್ರವಾದಿಯವರು(ಸ) ಕಠಿಣವಾಗಿ ಎಚ್ಚರಿಸಿದ್ದಾರೆ. ರಾತ್ರಿ ಮಾಡಿದ್ದನ್ನು ಬೆಳಗ್ಗೆ ತಾನೇ ಸಾರಿಕೊಂಡು ತಿರುಗುವವನು ಕ್ಷಮೆಯಿಂದ ದೂರನೆಂಬ ಹದೀಸ್ ಬುಖಾರಿಯಲ್ಲಿದೆ. ಹಾಗಿರುವಾಗ ಎದ್ದುನಿಂತು ನಾನು ಕುಡುಕ ಎನ್ನುವುದು ಸರಿಯೇ?

ಈ ಪ್ರಶ್ನೆಯನ್ನು ನಮ್ಮ ಪೂರ್ವಿಕ ವಿದ್ವಾಂಸರು ಬಿಡಿಸದೆ ಬಿಟ್ಟಿಲ್ಲ. ಇಮಾಮ್ ನವವಿ(ರಹ) ತಮ್ಮ ಅಲ್-ಅಝ್ಕಾರ್ ಗ್ರಂಥದಲ್ಲಿ, ಪಾಪಕ್ಕೆ ಸಿಕ್ಕಿದವನು ಅದನ್ನು ಜನರಿಗೆ ಹೇಳಿಕೊಳ್ಳುವುದು ಅನಪೇಕ್ಷಿತವೆಂದು ಹೇಳಿ ಅಲ್ಲಿಗೇ ನಿಲ್ಲಿಸುವುದಿಲ್ಲ. ತನ್ನ ಗುರುವಿಗೋ ಅಂಥ ಇನ್ನೊಬ್ಬರಿಗೋ, ಅದರಿಂದ ಹೊರಬರುವ ದಾರಿಯನ್ನು ತಿಳಿಸಿಯಾರು ಅಥವಾ ತನಗಾಗಿ ಪ್ರಾರ್ಥಿಸಿಯಾರು ಎಂಬ ನಿರೀಕ್ಷೆಯಿಂದ ಹೇಳಿದರೆ ದೋಷವಿಲ್ಲ, ಅದು ಒಳ್ಳೆಯದೇ ಎನ್ನುತ್ತಾರೆ. ಜಂಭದಿಂದ ಹೇಳುವುದು ಬೇರೆ, ಗಾಯವನ್ನು ವೈದ್ಯನಿಗೆ ತೋರಿಸುವುದು ಬೇರೆ. ಜೊತೆಗೆ, ಸಭೆಯಲ್ಲಿ ಆಡಿದ ಮಾತು ಅಮಾನತ್ ಎಂಬುದು ನಮ್ಮ ಹದೀಸಿನ ಪಾಠ. ಇಲ್ಲಿ ಕೇಳಿದ್ದು ಇಲ್ಲೇ ಇರಲಿ ಎಂಬುದು ಆ ಸಭೆಗಳ ನಿಯಮ. ಬಾಹ್ಯ ರೂಪ ಬೇರೆಯಾದರೂ ಇವೆರಡೂ ಒಂದೇ ಎಚ್ಚರದಿಂದ ಹುಟ್ಟಿದವು.

ಮದೀನಾದ ಚರಿತ್ರೆಯೂ ನಮಗೆ ಇದೇ ದಿಕ್ಕನ್ನು ತೋರುತ್ತದೆ. ನಿಷೇಧದ ಅಂತಿಮ ಆಜ್ಞೆ ಬಂದ ದಿನ ಹಝ್ರತ್ ಅಬೂ ತಲ್ಹಾ(ರ) ಅವರ ಮನೆಯಲ್ಲಿ ಎಳೆಯ ಅನಸ್(ರ) ಮದ್ಯ ಹಂಚುತ್ತಿದ್ದರು. ಸಾರುವವನ ಧ್ವನಿ ಕೇಳಿದ್ದೇ ತಡ ಎಲ್ಲವನ್ನೂ ಚೆಲ್ಲಿದರು, ಓಣಿಗಳಲ್ಲಿ ಮದ್ಯ ಹರಿಯಿತು. ಈ ದೃಶ್ಯವನ್ನು ನಾವು ಮಕ್ಕಳಿಗೆ ಹೆಮ್ಮೆಯಿಂದ ಹೇಳುತ್ತೇವೆ, ಹೇಳಬೇಕಾದದ್ದೇ. ಆದರೆ ಆ ದಿನಕ್ಕೆ ಮುಂಚೆ ಕುರ್‌ಆನ್ ವರ್ಷಗಳ ಕಾಲ ಹಂತಹಂತವಾಗಿ ಸಿದ್ಧಗೊಳಿಸಿತ್ತೆಂಬುದನ್ನು ಅವಸರದಲ್ಲಿ ದಾಟಿಬಿಡುತ್ತೇವೆ. ಆ ದಿನದ ನಂತರವೂ ಕೆಲವರು ಜಾರಿದರೆಂಬುದನ್ನಂತೂ ಹೇಳುವುದೇ ಇಲ್ಲ. ಪ್ರವಾದಿಯವರನ್ನು(ಸ) ನಗಿಸುತ್ತಿದ್ದ ಅಬ್ದುಲ್ಲಾ ಎಂಬ ಸಹಾಬಿಯೊಬ್ಬರು ಕುಡಿತಕ್ಕಾಗಿ ಶಿಕ್ಷೆಗೊಳಗಾಗಿದ್ದರು. ಮತ್ತೆ ಅವರನ್ನು ಕರೆತಂದಾಗ ಅಲ್ಲಿದ್ದವರೊಬ್ಬರು ಶಪಿಸಿದರು. ಪ್ರವಾದಿಯವರು(ಸ) ಶಪಿಸುವುದನ್ನು ತಡೆದು, ಆತ ಅಲ್ಲಾಹನನ್ನೂ ಅವನ ಸಂದೇಶವಾಹಕರನ್ನೂ ಪ್ರೀತಿಸುವವನೆಂದು ಸಾಕ್ಷ್ಯ ನುಡಿದರು. ಬುಖಾರಿಯಲ್ಲಿರುವ ವರದಿಯಿದು. ಶಿಕ್ಷೆ ಮನ್ನಾ ಆಗಲಿಲ್ಲ. ಮನುಷ್ಯನನ್ನು ಸಮುದಾಯದ ಹೊರಗೆ ದಬ್ಬಲೂ ಇಲ್ಲ.

ಹಝ್ರತ್ ಉಮರ್(ರ) ಅವರ ಕಾಲದ ಒಂದು ವರದಿಯನ್ನು ಇಬ್ನ್ ಕಸೀರ್(ರಹ) ತಮ್ಮ ತಫ್ಸೀರಿನಲ್ಲಿ ಉಲ್ಲೇಖಿಸುತ್ತಾರೆ. ಶಾಮ್‌ನಿಂದ ಬರುತ್ತಿದ್ದ ಪರಾಕ್ರಮಿಯೊಬ್ಬ ಕಾಣದಾದಾಗ ಉಮರ್(ರ) ವಿಚಾರಿಸಿದರು. ಆತ ಕುಡಿತಕ್ಕೆ ಬಿದ್ದನೆಂದು ತಿಳಿಯಿತು. ಬರಹಗಾರನನ್ನು ಕರೆದು, ಅಲ್ಲಾಹನು ಪಾಪ ಕ್ಷಮಿಸುವವನು, ಪಶ್ಚಾತ್ತಾಪ ಸ್ವೀಕರಿಸುವವನು, ಕಠಿಣವಾಗಿ ಶಿಕ್ಷಿಸುವವನೂ ಹೌದು ಎಂಬ ಸೂರಃ ಗಾಫಿರ್‌ನ ಆರಂಭದ ವಚನಗಳನ್ನು ಬರೆಯಿಸಿ ಕಳುಹಿಸಿದರು. ಜೊತೆಗಿದ್ದವರಿಗೆ ಆತನಿಗಾಗಿ ದುಆ ಮಾಡಲು ಹೇಳಿದರು. ಆತ ಕಾಗದವನ್ನು ಮತ್ತೆ ಮತ್ತೆ ಓದುತ್ತ ಅತ್ತು ಕುಡಿತ ಬಿಟ್ಟನು. ಜಾರಿದ ಸಹೋದರನ ವಿಷಯದಲ್ಲಿ ಶೈತಾನನಿಗೆ ನೆರವಾಗಬೇಡಿ ಎಂಬುದು ಉಮರ್(ರ) ಅವರ ಕಿವಿಮಾತಾಗಿತ್ತು. ಕಾಣದಾದವನನ್ನು ವಿಚಾರಿಸಿದ್ದೇ ಇಲ್ಲಿ ಮೊದಲ ಹೆಜ್ಜೆ.

ಅಮೆರಿಕದ ಮುಸ್ಲಿಮರ ಕಡೆಗೆ ಮರಳೋಣ. ಮಾಲ್ಕಮ್ ಎಕ್ಸ್ ತಮ್ಮ ಆತ್ಮಕಥೆಯಲ್ಲಿ, ಒಮ್ಮೆ ಹೆರಾಯಿನ್ ವ್ಯಸನಿಗಳಾಗಿದ್ದ ಮುಸ್ಲಿಮರು ತಮ್ಮ ಹಳೆಯ ಅಡ್ಡೆಗಳಿಗೇ ಹೋಗಿ ಹಳೆಯ ಜೊತೆಗಾರರನ್ನು ಮಾತನಾಡಿಸಿ ಹೊರತರುತ್ತಿದ್ದ ಬಗೆಯನ್ನು ವಿವರಿಸುತ್ತಾರೆ. ಆಗ ಅವರು ಸೇರಿದ್ದ ನೇಶನ್ ಆಫ್ ಇಸ್ಲಾಮ್‌ನ ವಿಶ್ವಾಸಗಳು ಇಸ್ಲಾಮಿನ ಮೂಲ ವಿಶ್ವಾಸದಿಂದ ಬಹಳ ದೂರವಿದ್ದವು. ಅವರೇ ಮುಂದೆ ಅದನ್ನು ಬಿಟ್ಟು ಬಂದು ಹಜ್ಜ್ ಮಾಡಿದರು. ಆದರೆ ಆ ವಿಧಾನದಲ್ಲಿ ಬಾಲ್ಟಿಮೋರಿನ ದರ್ಜಿಯೂ ಬಡಗಿಯೂ ಕಾಣುತ್ತಾರೆ: ವ್ಯಸನಿಯ ಬಳಿಗೆ ಹೋದವನು ವ್ಯಸನಿಯಾಗಿದ್ದವನೇ.

1989ರಲ್ಲಿ ಅದೇ ಬಾಲ್ಟಿಮೋರಿನಲ್ಲಿ ಮಿಲ್ಲತೀ ಇಸ್ಲಾಮೀ ಎಂಬ ಕೂಟ ಆರಂಭವಾಯಿತು. ಮದ್ಯ ಮತ್ತು ಮಾದಕ ದ್ರವ್ಯಗಳಿಂದ ಹೊರಬರುತ್ತಿದ್ದ ಮುಸ್ಲಿಮರು ಹನ್ನೆರಡು ಹೆಜ್ಜೆಗಳ ಚೌಕಟ್ಟನ್ನು ಉಳಿಸಿಕೊಂಡು, ಅದರ ಭಾಷೆಯನ್ನು ಇಸ್ಲಾಮಿನ ವಿಶ್ವಾಸಕ್ಕೆ ತಕ್ಕಂತೆ ಮತ್ತೆ ಬರೆದರು. ಅವರವರು ಅರಿತ ದೇವನ ಬದಲಿಗೆ ಅಲ್ಲಾಹನ ಹೆಸರು ಬಂತು. ಮೊದಲ ಹೆಜ್ಜೆಯಲ್ಲೂ ಗಮನಾರ್ಹ ಬದಲಾವಣೆಯಿದೆ: ಎಎಯಲ್ಲಿ ಸದಸ್ಯನು ಮದ್ಯದ ಮುಂದೆ ತಾನು ಅಶಕ್ತನೆಂದು ಒಪ್ಪಿದರೆ, ಇಲ್ಲಿ ತನ್ನೊಳಗಿನ ಉನ್ನತ ಸ್ವಭಾವವನ್ನು ತಾನು ಅಲಕ್ಷಿಸಿದೆನೆಂದು ಒಪ್ಪುತ್ತಾನೆ. ಫಿತ್ರತ್ ಮತ್ತು ಗಫ್ಲತ್ ಎಂಬ ನಮ್ಮ ಎರಡು ಪದಗಳನ್ನು ಬಲ್ಲವರಿಗೆ ಈ ತಿದ್ದುಪಡಿಯ ತೂಕ ತಿಳಿಯುತ್ತದೆ. ಅಲ್ಲಿಂದ ಕೂಟ ಅಮೆರಿಕದ ಬೇರೆ ನಗರಗಳಿಗೂ ಹರಡಿತು. ಅನ್ಯರು ಕಟ್ಟಿದ ಒಳ್ಳೆಯ ಏರ್ಪಾಡನ್ನು ತಳ್ಳಿಹಾಕದೆ, ಕುರುಡಾಗಿ ನುಂಗದೆ, ಸೋಸಿ ತೆಗೆದುಕೊಂಡ ರೀತಿ ನಮಗೆ ಮೆಚ್ಚುಗೆಯಾಗುತ್ತದೆ.

ನಮ್ಮ ನಾಡಿನಲ್ಲಿ ಏನಿದೆ? ಎಎ ಸಭೆಗಳು ಭಾರತದಲ್ಲಿ 1957ರಿಂದ ನಡೆಯುತ್ತಿವೆ. ಬೆಂಗಳೂರು, ಮಂಗಳೂರಿನಂತಹ ನಗರಗಳಲ್ಲಿ ಶಾಲೆಯ ಕೊಠಡಿ, ಚರ್ಚಿನ ಸಭಾಂಗಣ, ಆಸ್ಪತ್ರೆಯ ಕೋಣೆಗಳಲ್ಲಿ ಸಂಜೆಯ ವೇಳೆ ಸೇರುತ್ತಾರೆ. ಗ್ರಾಮೀಣ ಭಾಗದಲ್ಲಿ ಧರ್ಮಸ್ಥಳದ ಜನಜಾಗೃತಿ ವೇದಿಕೆಯ ಮದ್ಯವರ್ಜನ ಶಿಬಿರಗಳು ಪ್ರಸಿದ್ಧ. ಶಿಬಿರ ಮುಗಿಸಿದವರನ್ನು ನವಜೀವನ ಸಮಿತಿಗಳ ಮೂಲಕ ಮತ್ತೆ ಮತ್ತೆ ಒಟ್ಟು ಸೇರಿಸುವ ಕ್ರಮ ಅಲ್ಲಿದೆ. ಶಿಬಿರದ ಎಂಟು ದಿನಕ್ಕಿಂತ ಆಮೇಲಿನ ಈ ಕೂಡುವಿಕೆಯೇ ಮುಖ್ಯವೆಂದು ನಮಗೆ ತೋರುತ್ತದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೆಂದೇ ಪ್ರತ್ಯೇಕ ಕೇಂದ್ರವಿದೆ. ಎಲ್ಲಿಗೆ ಹೋಗಬೇಕೆಂದು ತಿಳಿಯದವರು ಕೇಂದ್ರ ಸರಕಾರದ ವ್ಯಸನಮುಕ್ತಿ ಸಹಾಯವಾಣಿ 14446ಕ್ಕೆ ಅಥವಾ ಟೆಲಿ ಮನಸ್ 14416ಕ್ಕೆ ಕರೆ ಮಾಡಬಹುದು.

ಒಂದು ಎಚ್ಚರಿಕೆಯನ್ನು ಇಲ್ಲಿ ಹೇಳಲೇಬೇಕು. ರಮಝಾನ್ ಚಂದ್ರ ಕಂಡೊಡನೆ ಕುಡಿತವನ್ನು ಒಮ್ಮೆಲೇ ನಿಲ್ಲಿಸುವವರು ನಮ್ಮಲ್ಲಿದ್ದಾರೆ. ಅವರ ಸಂಕಲ್ಪ ಗೌರವಾರ್ಹ. ಆದರೆ ವರ್ಷಗಟ್ಟಲೆ ದಿನವೂ ಹೆಚ್ಚು ಕುಡಿದ ದೇಹ ಒಮ್ಮೆಲೇ ನಿಂತಾಗ ಮೊದಲ ಮೂರು ನಾಲ್ಕು ದಿನಗಳಲ್ಲಿ ನಡುಕ, ಅಪಸ್ಮಾರ, ಸನ್ನಿ ಬರಬಹುದು. ಚಿಕಿತ್ಸೆಯಿಲ್ಲದಿದ್ದರೆ ಪ್ರಾಣಕ್ಕೂ ಅಪಾಯ. ಮನೆಯವರು ಅದನ್ನು ಜಿನ್ನ್ ಹಿಡಿದದ್ದೆಂದು ಭಾವಿಸಿ ರಾತ್ರಿ ಕಳೆಯಬಾರದು. ಅಂಥವರು ವೈದ್ಯರ ಸಲಹೆ ಪಡೆದೇ ನಿಲ್ಲಿಸಬೇಕು. ಸಭೆ ಅದರ ಬದಲಿಯಲ್ಲ, ಅದರ ನಂತರದ ಸಂಗಾತಿ.

ನಮ್ಮ ಜಮಾಅತ್‌ಗಳಿಗೆ ಶಾದಿ ಮಹಲ್‌ಗಳಿವೆ, ಮದ್ರಸಾ ಕಟ್ಟಡಗಳಿವೆ. ಸಂಜೆ ಅವುಗಳಲ್ಲಿ ಎಷ್ಟೋ ಕೋಣೆಗಳು ಖಾಲಿಯಿರುತ್ತವೆ. ಬಾಲ್ಟಿಮೋರಿನವರು ಮಾಡಿದ್ದಕ್ಕೆ ಒಂದು ಕೋಣೆ, ಕೆಲವು ಕುರ್ಚಿ, ಬಾಯಿ ಬಿಗಿಹಿಡಿಯಬಲ್ಲ ಇಬ್ಬರು ಹಿರಿಯರಿದ್ದರೆ ಸಾಕು. ಅದು ಆಗುವವರೆಗೆ, ಇರುವ ಸಭೆಗೆ ಹೋಗುವವರು ಮೊದಲೇ ಫೋನಿನಲ್ಲಿ ದಿನ, ವೇಳೆ, ಭಾಷೆಯನ್ನು ಕೇಳಿಕೊಳ್ಳಲಿ. ತೆರೆದ ಸಭೆಯಾದರೆ ಮನೆಯವರೊಬ್ಬರು ಜೊತೆಗೆ ಕೂರಬಹುದು, ಮುಚ್ಚಿದ ಸಭೆಯಾದರೆ ವ್ಯಸನಿಗಳಿಗೆ ಮಾತ್ರ ಪ್ರವೇಶ. ಮೊದಲ ದಿನ ಮಾತನಾಡಲೇಬೇಕೆಂದಿಲ್ಲ, ಹೆಸರು ಹೇಳಿದರೂ ಮನೆತನ ಹೇಳಬೇಕಿಲ್ಲ. ಅನ್ಯಧರ್ಮದ ಪ್ರಾರ್ಥನೆ ಬಂದರೆ ಸುಮ್ಮನೆ ಕುಳಿತಿರಬಹುದು, ಒತ್ತಾಯವಿರುವುದಿಲ್ಲ. ಸಂಶಯವಿದ್ದವರು ತಮಗೆ ಪರಿಚಿತ ಆಲಿಮರಲ್ಲಿ ಕೇಳಲಿ. ಸಭೆಯ ವೇಳೆ ಮಗ್ರಿಬ್‌ಗೆ ತಾಗಿದರೆ ಒಂದು ಮೂಲೆಯಲ್ಲಿ ನಮಾಝಿಗೆ ಜಾಗ ಕೇಳಲು ಸಂಕೋಚ ಬೇಡ.